ಗಿಳಿಯ ಕೊಕ್ಕಿನ ಸಾಲು

ಇದು ನೀಲಿ, ಅಯ್ಯೋ ಶಿವನೇ, ಇದು ನೀಲಿ — ಎರಡು ವರ್ಷದಿಂದ ಕಪ್ಪು ಕಪ್ಪು ಅಂತ ಬುಟ್ಟಿಯ ಮೂಲೆಗೆ ತಳ್ಳುತ್ತಿದ್ದ ಉಣ್ಣೆಯ ಉಂಡೆ ನವಿಲಿನ ಕತ್ತಿನಂಥ ನೀಲಿ, ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರೆ ಮತ್ತೆ ಕಪ್ಪು, ಎಡ ಮುಚ್ಚಿ ಬಲ ತೆರೆದರೆ ನೀಲಿ, ಮುಚ್ಚು, ತೆರೆ, ಮುಚ್ಚು, ತೆರೆ, ಅರವತ್ತೇಳರ ಮುದುಕಿ ಬಾಲ್ಕನಿಯಲ್ಲಿ ಕೂತು ಕಣ್ಣು ಹೊಡೆಯುತ್ತಿದ್ದಾಳೆ ಅಂತ ಎದುರಿನ ಬಟ್ಟೆಯಂಗಡಿಯವನು ತಿಳಿದುಕೊಂಡರೆ ತಿಳಿದುಕೊಳ್ಳಲಿ, ಹಿಮಾಯತ್‌ನಗರದಲ್ಲಿ ಇದಕ್ಕಿಂತ ದೊಡ್ಡ ತಮಾಷೆಗಳಿವೆ. ಪೊರೆ ತೆಗೆದು ಹತ್ತು ದಿನ, ಒಂದೇ ಕಣ್ಣಿನದು, ಇನ್ನೊಂದು ಸಂಕ್ರಾಂತಿ ಆದಮೇಲೆ ಅಂದಿದ್ದಾರೆ ಡಾಕ್ಟರು, ಅಷ್ಟರಲ್ಲೇ ಈ ಲೋಕ ಹೀಗಿತ್ತೇ, ಹಾಲು ಇಷ್ಟು ಬೆಳ್ಳಗೆ, ಬೇವಿನ ಎಲೆಗೆ ಒಂದೊಂದಕ್ಕೂ ಹಲ್ಲು, ನನ್ನ ಕೈ ಮೇಲೆ ಇಷ್ಟು ಸುಕ್ಕು ಯಾವಾಗ ಬಂದವು, ಬಂದರೂ ಬರಲಿ, ಸುಕ್ಕು ಕೂಡ ಎಷ್ಟು ಚಂದ ಕಾಣುತ್ತಿವೆ, ಡಿಸೆಂಬರಿನ ಬಿಸಿಲು ಬುಟ್ಟಿಗೆ ಬಿದ್ದು ಕೆಂಪು, ಹಸಿರು, ಕಂದು, ಹಳದಿ ಎಲ್ಲವೂ ಒಮ್ಮೆಲೇ ನನ್ನನ್ನು ಮಾತಾಡಿಸುತ್ತಿವೆ, ಮೊದಲು ಯಾರಿಗೆ ಓ ಅನ್ನಲಿ.

ಕೆಂಪಿಗೇ ಅನ್ನಬೇಕು, ಕೆಂಪೆಂದರೆ ಗಿಳಿಯ ಕೊಕ್ಕು — ನಾನು ಹೆಣೆಯುವ ಮಕ್ಕಳ ಕುಲಾವಿ ಟೋಪಿಯಲ್ಲಿ ಯಾವಾಗಲೂ ಏಳು ಗಿಳಿ, ಮೈಯೆಲ್ಲ ಹಸಿರು, ಕೊಕ್ಕು ಮಾತ್ರ ಒಂದೇ ಒಂದು ಕೆಂಪು ಕುಣಿಕೆ. ಚಳಿಗಾಲಕ್ಕೆ ಹನ್ನೆರಡು ಟೋಪಿ, ಎಂಟು ವರ್ಷದಿಂದ, ಯಂಕಮ್ಮ ಇಲ್ಲಿ ಪಾತ್ರೆ ತಿಕ್ಕುವುದು ಬಿಟ್ಟು ಗಚ್ಚಿಬೌಲಿಯಲ್ಲಿ ಇಟ್ಟಿಗೆ ಹೊರಲು ಹೋದಾಗಿನಿಂದ, ತಗಡಿನ ಶೆಡ್ಡಿನಾಗ ಮುಂಜಾನಿ ಚಳಿ ಹೆಂಗಿರತೈತಿ ನಿಮಗೇನ್ ಗೊತ್ತರಿ ಅಮ್ಮಾ, ಅಂದಿದ್ದಳು, ಆವತ್ತೇ ಅಲ್ಲಿನ ಮಕ್ಕಳಿಗಾಗಿ ಹೆಣಿಗೆಯ ಕಡ್ಡಿ ಹಿಡಿದೆ. ನಿನ್ನೆ ಯಂಕಮ್ಮ ಬಂದು ತನ್ನ ಮಗಳು ಪಿಂಕಿಯ ಹೋದ ವರ್ಷದ ಟೋಪಿ ಕೊಟ್ಟು ಹೋದಳು, ಹುಡುಗಿ ತಲಿ ದೊಡ್ಡದಾಗೈತ್ರಿ, ಬಿಚ್ಚಿ ದೊಡ್ಡದು ಮಾಡ್ರಿ, ಗಿಳಿ ಮಾತ್ರ ಇವ ಬೇಕಂತ ಅಳಾಕತ್ತಾಳ. ನೋಡು ಪಾರ್ವತಿ, ಅಂದುಕೊಂಡೆ, ಕಣ್ಣು ಪೂರ್ತಿ ಮಬ್ಬಾದ ವರ್ಷದಲ್ಲೂ ಒಂದು ಕೊಕ್ಕು ತಪ್ಪಿಲ್ಲ, ಕಂದು ಯಾವುದು ಕೆಂಪು ಯಾವುದು ಕಾಣುತ್ತಿರಲಿಲ್ಲ, ಆದರೂ ಏಳಕ್ಕೆ ಏಳೂ ಕೆಂಪು, ಕಣ್ಣು ಹೋದರೇನ್ರೀ, ನನ್ನ ಕೈಗೆ ಕಣ್ಣದಾವ, ಅಂತ ನಿನ್ನೆ ಇವರ ಮುಂದೆ ಎಷ್ಟು ಮೆರೆದಿದ್ದೆ, ಇವರು ಪೇಪರಿನ ಹಿಂದಿನಿಂದ ಹೂಂ ಅಂದಿದ್ದರು, ಇವರ ಹೊಗಳಿಕೆ ಹೂಂ ದಾಟಿದ್ದೇ ಇಲ್ಲ ನಲವತ್ತೈದು ವರ್ಷದಲ್ಲಿ.

ಬಿಚ್ಚಲು ಕತ್ತರಿ ಹಿಡಿದವಳು ಹಾಗೇ ನಿಂತೆ, ಕೊಕ್ಕಿನ ಸಾಲಿನಲ್ಲಿ ಏನೋ ಬೇರೆ ಇದೆ, ಮೇಲಿನ ಸಾಲು, ಕೆಳಗಿನ ಸಾಲು ಎಲ್ಲ ಕುಣಿಕೆಗಳೂ ಕಾಲು ಬಿಡಿಸಿ ನಿಂತಿವೆ, ಕೊಕ್ಕಿನ ಸಾಲಿನವು ಮಾತ್ರ ಅಡ್ಡಗಾಲು ಹಾಕಿವೆ, ಒಂದರ ಮೇಲೊಂದು ಕಾಲು, ಬಿಗಿಯಾಗಿ, ಹೆದರಿದವರ ಹಾಗೆ — ಇದು ನನ್ನ ಕೈಯಲ್ಲ. ಈ ಬುಟ್ಟಿ ಮುಟ್ಟುವವರು ಮನೆಯಲ್ಲಿ ಇನ್ನಾರಿದ್ದಾರೆ, ಇರುವುದೇ ನಾವಿಬ್ಬರು. ಕಲಬುರಗಿಯ ದೊಡ್ಡವ್ವ ಕೈಗೆ ಕಡ್ಡಿಯಿಂದ ಹೊಡೆದದ್ದು ಈಗ ಚುರ್ರೆನ್ನುತ್ತಿದೆ, ಎದುರಿಗೆ ಕೂತು ಕಲೀಬ್ಯಾಡ ಹುಡುಗಿ, ಮಗ್ಗಲಿಗೆ ಕೂಡು, ಎದುರಿಗೆ ಕೂತವರಿಗೆ ಎಲ್ಲಾ ಉಲ್ಟಾ ಕಾಣತೈತಿ, ದಾರ ಉಲ್ಟಾ ಸುತ್ತತಾರ, ಕುಣಿಕಿ ಅಡ್ಡಗಾಲು ಬೀಳತಾವ. ಎದುರಿಗೆ ಕೂತವರು. ಈ ಬಾಲ್ಕನಿಯಲ್ಲಿ ನನ್ನೆದುರಿನ ಕುರ್ಚಿ ಯಾರದು, ನಿವೃತ್ತರಾದಾಗಿನಿಂದ ದಿನಾ ಬೆಳಿಗ್ಗೆ ಪೇಪರು ಹಿಡಿದು ಕೂರುವವರು ಯಾರು, ಒಂದೇ ಪುಟವನ್ನು ಒಂದು ತಾಸು ಓದುವವರು ಯಾರು, ಕಚೇರಿಯಲ್ಲಿ ಚಂದ್ರಕಾಂತ ಸಾಹೇಬರು ಬಂದರು ಅಂದರೆ ಗುಮಾಸ್ತರೆಲ್ಲ ಚಹಾದ ಕಪ್ಪು ಬಚ್ಚಿಡುತ್ತಿದ್ದರಂತೆ, ಆ ಮನುಷ್ಯ, ಅಂಗಿಯ ಗುಂಡಿ ಹಚ್ಚಲು ಬಾರದ ಮನುಷ್ಯ — ಮಧ್ಯಾಹ್ನ ನಾನು ಮಲಗಿದಾಗ ನನ್ನ ತಪ್ಪು ಸಾಲನ್ನು ಬಿಚ್ಚಿ, ಕಂದು ತೆಗೆದು, ಕೆಂಪು ಹಾಕಿ, ಎಬ್ಬಿಸುವ ಹೊತ್ತಿಗೆ ಎಲ್ಲ ಇದ್ದಲ್ಲೇ ಇಟ್ಟು, ಏಳು ಪಾರ್ವತಿ, ಚಾ ಆಗೇತಿ. ಹನ್ನೆರಡು ಟೋಪಿ, ಎಂಬತ್ತನಾಲ್ಕು ಕೊಕ್ಕು. ಕಣ್ಣಿದ್ದದ್ದು ನನ್ನ ಕೈಗಲ್ಲ. ನಾಚಿಕೆಯಾಗಬೇಕಿತ್ತು, ಸಿಟ್ಟು ಬರಬೇಕಿತ್ತು, ಎರಡೂ ಬರುತ್ತಿಲ್ಲ, ಮೈ ಮೇಲೆ ಮುಳ್ಳು ಎದ್ದಿವೆ, ಇಂಥ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿ ಕಂಡಿದ್ದೇನು ನಾನು, ಪೊರೆ ಬರೀ ಕಣ್ಣಿಗೇ ಬಂದಿತ್ತೇ.

ಕೇಳಿಬಿಡಲೇ, ಗೇಟಿನ ಸದ್ದಾಯಿತು, ಕೊತ್ತಂಬರಿ ತಂದರು ಅಂತ ಕಾಣುತ್ತದೆ, ಕೇಳಿದರೆ ಏನಾಗುತ್ತದೆ ನನಗೆ ಗೊತ್ತು, ಏ, ನನಗೇನ್ ಬ್ಯಾರೆ ಕೆಲಸ ಇಲ್ಲೇನು, ಅಂದು ಕಿವಿ ಕೆಂಪು ಮಾಡಿಕೊಂಡು ಒಳಗೆ ಹೋದರೆ ಮತ್ತೆ ಜನ್ಮದಲ್ಲಿ ಕಡ್ಡಿ ಮುಟ್ಟುವುದಿಲ್ಲ. ಕೇಳದಿದ್ದರೂ ಅಷ್ಟೇ, ನನಗೆ ಕಣ್ಣು ಬಂತು, ಇನ್ನು ತಿದ್ದುವುದಕ್ಕೆ ಏನು ಉಳಿಯಿತು, ಹತ್ತು ದಿನದಿಂದ ಆ ಕುರ್ಚಿಯಲ್ಲಿ ಪೇಪರಿನ ಪುಟ ಪಟಪಟ ತಿರುಗುತ್ತಿದೆ, ನಾನು ಗಮನಿಸಿದ್ದೇ ಈಗ. ಬಾಗಿಲಲ್ಲಿ ನಿಂತಿದ್ದಾರೆ, ಚೀಲ ಕೈಯಲ್ಲೇ ಇದೆ, ಹೊಸ ಕಣ್ಣಿಗೆ ಇವರ ಹುಬ್ಬು ಬೆಳ್ಳಗೆ, ಯಾವಾಗ ಹಣ್ಣಾದವು, ಬಣ್ಣ ಎಲ್ಲಾ ಛಲೋ ಕಾಣಾಕತ್ತಾವೇನು, ಅಂತಾರೆ, ದನಿ ಯಾಕಷ್ಟು ಸಣ್ಣಗಿದೆ. ಹೊಸ ಟೋಪಿ ಕಡ್ಡಿಯ ಮೇಲಿದೆ, ಕೊಕ್ಕಿನ ಸಾಲಿಗೇ ಬಂದು ನಿಂತಿದೆ, ಬೆರಳು ಕೆಂಪು ದಾರಕ್ಕೆ ಹೋಯಿತು — ಎಷ್ಟು ಕೆಂಪು, ಕುಂಕುಮದ ಭರಣಿ ಚೆಲ್ಲಿದ ಹಾಗೆ — ಬಿಟ್ಟೆ, ಪಕ್ಕದ ಕಂದು ಎತ್ತಿಕೊಂಡೆ, ಇವರು ನೋಡುತ್ತಿರುವಂತೆಯೇ ಹೆಣೆದೆ, ಕಂದು ಕೊಕ್ಕು, ಒಂದು, ಎರಡು, ಏಳು. ಛಲೋ ಏನ್ ಬಂತ್ರೀ, ಕೆಂಪು ಕಂದು ಇನ್ನೂ ತಿಳಿಯಂಗಿಲ್ಲ ನನಗ, ಅಂದೆ. ಹೂಂ, ಅಂದರು. ಅಂಥ ಹೂಂ ನಾನು ಕೇಳೇ ಇರಲಿಲ್ಲ.

ಮಧ್ಯಾಹ್ನ, ಗೋಡೆಗೆ ಮುಖ ಮಾಡಿ ಮಲಗಿದ್ದೇನೆ, ಕಣ್ಣು ಮುಚ್ಚಿದ್ದೇನೆ, ತೆರೆಯಬಾರದು, ಬಾಲ್ಕನಿಯ ಕುರ್ಚಿ ಕಿರ್ರೆಂದಿತು, ಬುಟ್ಟಿ ಎಳೆದ ಸದ್ದು, ಬಿಚ್ಚುತ್ತಿದ್ದಾರೆ, ಈಗ ಕಡ್ಡಿಗೆ ಕಡ್ಡಿ ತಾಗಿತು, ಟಕ್, ತಡೆದು, ಟಕ್, ಎಷ್ಟು ನಿಧಾನ, ಒಂದು ಕುಣಿಕೆಗೆ ಒಂದು ಉಸಿರು, ಟಕ್, ಮುಚ್ಚಿದ ಕಣ್ಣಲ್ಲಿ ಕೆಂಪು, ಒಂದೇ ಒಂದು, ಗಿಳಿಯ ಕೊಕ್ಕು, ಕಾಲ ಮೇಲೆ ಕಾಲು, ಟಕ್, ಕೆಂಪು ಕೊಕ್ಕು, ಕಾಲ ಮೇಲೆ ಕಾಲು —