ಇಚ್ಛೆ ಇದ್ದರೆ ಬರೆಯಿರಿ

ರಸಾಯನಶಾಸ್ತ್ರ ಪ್ರಯೋಗಾಲಯದ ಉತ್ತರದ ಕಿಟಕಿಗೆ ಹಿಂದೊಮ್ಮೆ ಬಣ್ಣ ಬಳಿದವರು ಚೌಕಟ್ಟನ್ನೂ ಕದವನ್ನೂ ಸೇರಿಸಿಯೇ ಬಳಿದಿದ್ದರು. ಅಂದಿನಿಂದ ಅದು ತೆರೆದಿಲ್ಲ. ಗಾಜಿನಾಚೆ ದೂರದಲ್ಲಿ ಬೆಟ್ಟ ಕಾಣುತ್ತದೆ. ಅಲ್ಲಿ ಈ ಶಾಲೆ ನಡೆಸುವ ಕ್ರೈಸ್ತ ಸನ್ಯಾಸಿನಿಯರ ಮಠದ್ದೇ ಇನ್ನೊಂದು ಶಾಲೆಯಿದೆ: ಒಂದೇ ಕೋಣೆ, ನಲವತ್ತು ಮಕ್ಕಳು, ವಿಜ್ಞಾನ ಕಲಿಸುವವರಿಲ್ಲ. ಅಲ್ಲಿಗೆ ಹೋಗಬೇಕೆಂದೇ ಇಲ್ಲಿ ರಸಾಯನಶಾಸ್ತ್ರ ಕಲಿಸುವ ಸಿಸ್ಟರ್ ಬಿ.ಎಸ್ಸಿ. ಮುಗಿಸಿ ಮಠ ಸೇರಿದ್ದು. ಈಗ ಅವರಿಗೆ ಐವತ್ತೊಂಬತ್ತು. ಅರವತ್ತು ತುಂಬಿದವರನ್ನು ಬೆಟ್ಟಕ್ಕೆ ಕಳಿಸುವುದಿಲ್ಲ.

ಮಕ್ಕಳು ಬೆನ್ನ ಹಿಂದೆ ಅವರನ್ನು ಲಿಟ್ಮಸ್ ಸಿಸ್ಟರ್ ಎನ್ನುತ್ತಿದ್ದರು. ಒಂದು ಹನಿ ಸುಳ್ಳು ತಾಗಿದರೂ ಅವರ ಮುಖ ಕೆಂಪಾಗುತ್ತಿತ್ತು.

ಪ್ರತಿವರ್ಷ ವರ್ಗಾವಣೆಯ ನಮೂನೆ ಬರುತ್ತಿತ್ತು. ಅದರ ಕೊನೆಯ ಅಂಕಣ: ‘ಇಚ್ಛೆ ಇದ್ದರೆ ಬರೆಯಿರಿ.’ ಮಠಕ್ಕೆ ಹೊಸದಾಗಿ ಬಂದಾಗ ಕಲಿಸಿದ ಹಿರಿಯ ಸಿಸ್ಟರ್ ಹೇಳಿದ್ದರು: “ಅಲ್ಲೇನೂ ಬರೀಬೇಡ ಮಗಳೇ. ನಿನ್ನ ಇಚ್ಛೆ ಖಾಲಿ ಇದ್ರೆ ತಾನೇ ದೇವರ ಇಚ್ಛೆಗೆ ಜಾಗ?” ಅದರಂತೆ ಮೂವತ್ತನಾಲ್ಕು ಸಲ ಇವರು ಖಾಲಿ ಬಿಟ್ಟರು. ಪ್ರತಿ ಸಲವೂ ಆ ಸಂಜೆಯ ಪ್ರಾರ್ಥನೆಯಲ್ಲಿ, ದೇವರಿಗೆ ಗೊಂದಲವಾಗಬಾರದೆಂದು, ಬೆಟ್ಟದ ಶಾಲೆಯ ಪೂರ್ತಿ ವಿಳಾಸ ಹೇಳಿದರು.

ಈ ವರ್ಷದ ನಮೂನೆಯನ್ನೂ ಖಾಲಿಯೇ ಕೊಟ್ಟ ಮರುದಿನ ಮಠದ ಹೊಸ ಮುಖ್ಯಸ್ಥೆ, ಮದರ್, ಅವರನ್ನು ಕರೆಸಿದರು. ಆಕೆ ಒಂದು ಕಾಲಕ್ಕೆ ಇವರದೇ ವಿದ್ಯಾರ್ಥಿನಿ.

“ಕೂತ್ಕೊಳ್ಳಿ ಸಿಸ್ಟರ್. ನೀವು ನಿಂತಿದ್ರೆ ಹೋಮ್‌ವರ್ಕ್ ಮಾಡಿಲ್ಲ ಅನ್ನೋ ಭಯ ಶುರುವಾಗತ್ತೆ ನನಗೆ.”

“ನೀವು ಮಾಡಿದ್ದಾದ್ರೂ ಯಾವತ್ತು, ಮದರ್?”

ಮದರ್ ನಕ್ಕು ಹಳೆಯ ಕಡತ ಇವರತ್ತ ತಿರುಗಿಸಿದರು. ಪ್ರತಿ ನಮೂನೆಯ ಖಾಲಿ ಅಂಕಣದ ಪಕ್ಕ ಹಿಂದಿನ ಮದರ್‌ಗಳ ಷರಾ. ಆರು ಬಗೆಯ ಕೈಬರಹ, ಮಾತು ಒಂದೇ: ‘ಇಲ್ಲೇ ತೃಪ್ತರು.’

ಸಿಸ್ಟರ್ ಮುಖ ಕೆಂಪಾಯಿತು. “ತೃಪ್ತಿ ಅಂತ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ಖಾಲಿ ಇತ್ತಲ್ಲ.”

“ನಾನು ದೇವರ ಹತ್ರ ಹೇಳ್ತಿದ್ದೆ.”

“ವರ್ಗಾವಣೆ ಪಟ್ಟಿ ಮಾಡೋದು ನಾವು ಸಿಸ್ಟರ್! ಅತ್ತರೆ ತಾನೇ ತಾಯಿ ಕೂಡ ಹಾಲು ಕೊಡೋದು? ಖಾಲಿ ಬಿಟ್ರೆ ಸೊನ್ನೆ, ಏನಾದ್ರೂ ಗೀಚಿದ್ರೆ ಅರ್ಧ ಅಂಕ ಅಂತ ನೀವೇ ನಮ್ಮ ತಲೆ ತಿಂತಿದ್ರಿ. ಈ ವರ್ಷದ್ದು ಇನ್ನೂ ಇಲ್ಲೇ ಇದೆ, ಬರೀರಿ.”

ಸಿಸ್ಟರ್ ಪೆನ್ನು ಹಿಡಿದರು. ಕ್ಷಾರದ ಸೀಸೆಗೆ ಗಾಜಿನ ಬಿರಡೆ ಹಾಕಬಾರದು, ವರ್ಷಗಳಾದರೆ ಅಂಟಿಕೊಂಡುಬಿಡುತ್ತದೆ ಎಂದು ಅವರು ಎಂಟನೇ ತರಗತಿಗೆ ಹೇಳುವುದುಂಟು. ಕೈ ಹಾಗೆಯೇ ಅಂಟಿಕೊಂಡಿತ್ತು. ಕಡೆಗೂ ಬರೆದರು: ‘ಬೆಟ್ಟದ ಶಾಲೆ.’

ಓದಿದ ಮದರ್ ಮುಖದ ನಗು ಇಳಿಯಿತು.

“ಮಂಡಿನೋವು, ಕೆಳಗಿನ ಮಹಡಿಯ ಕೋಣೆ ಕೇಳ್ತೀರೇನೋ ಅಂದ್ಕೊಂಡಿದ್ದೆ. ನೀವು ಹೋದ್ರೆ ಕೆಮಿಸ್ಟ್ರಿಗೆ ಯಾರು? ನಾಲ್ಕು ವರ್ಷದಿಂದ ಹುಡುಕ್ತಿದೀವಿ, ಒಬ್ರೂ ಸಿಕ್ಕಿಲ್ಲ.”

ಕೆಳಗೆ ಇನ್ನೊಂದು ಅಂಕಣವಿತ್ತು: ‘ಮದರ್ ಅವರ ಅಭಿಪ್ರಾಯ.’ ಮದರ್ ಏನೂ ಬರೆಯದೆ ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕಿದರು.

ಸಿಸ್ಟರ್ ಮುಚ್ಚಳ ತೆಗೆದು ಪೆನ್ನನ್ನು ಮತ್ತೆ ಆಕೆಯ ಮುಂದಿಟ್ಟರು. “ಖಾಲಿ ಬಿಡಬೇಡ,” ಎಂದರು. ಬಾಯಿತಪ್ಪಿ ಹಳೆಯ ಏಕವಚನ ಬಂದಿತ್ತು. “ಬಿಡಬೇಡಿ, ಮದರ್.”

ಮದರ್ ಕಾಗದವನ್ನು ಹತ್ತಿರ ಎಳೆದುಕೊಂಡರು. ಆಮೇಲೆ ದುಂಡಗೆ ಬರೆದರು: ‘ಬದಲಿ ಶಿಕ್ಷಕಿ ಸಿಕ್ಕ ನಂತರ ಕಳಿಸಬಹುದು.’

ಇಬ್ಬರಿಗೂ ಅದರ ಅರ್ಥ ಗೊತ್ತಿತ್ತು. ಸಿಸ್ಟರ್‌ಗೆ ಅರವತ್ತು ತುಂಬಲು ಏಳು ತಿಂಗಳಿತ್ತು.

“ಅರ್ಧ ಅಂಕ,” ಎಂದು ಅವರು ಎದ್ದರು.

ಗಂಟೆ ಹೊಡೆಯಿತು. ಪ್ರಯೋಗಾಲಯಕ್ಕೆ ಐವತ್ತೆರಡು ಮೆಟ್ಟಿಲು. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಮೆಟ್ಟಿಲ ಕಂಬಿಯ ಮೇಲೆ ಇಟ್ಟು ಅವರು ಹತ್ತತೊಡಗಿದರು.