ಬಾಗಿಲಿಗೆ ಬಂದ ವೀರದಳದ ಜೀಪು

"ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ ನೋಡು," ಎಂದು ಕೂಗಿದೆ.

"ಎದ್ದು ಬಂದು ಮುರಿಯಪ್ಪಾ," ಎಂದಳು ಮಗಳು ಶಾಂತಲಾ.

ನಾನು ಗಾಲಿಕುರ್ಚಿಯಲ್ಲಿದ್ದೆ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆ ಮುಂದೆ ವೀರದಳದ ಜೀಪು ಬಂದು ನಿಂತಿತ್ತು. ಸರ್ಕಾರಕ್ಕೆ ಪೊಲೀಸರಿರುವ ಹಾಗೆ, ಮೈಯಲ್ಲಿ ಅತಿಮಾನುಷ ಬಲವಿರುವವರ ದಳವೂ ಒಂದಿದೆ. ತುಂಗಭದ್ರೆ ಉಕ್ಕಿದ ವರ್ಷ ಆ ದಳದವನಾಗಿ ಹರಿಹರದ ಸೇತುವೆಗೆ ಹೆಗಲು ಕೊಟ್ಟು ನಿಂತವನು ನಾನೇ. ಬಸ್ಸುಗಳು ದಾಟಿದವು, ನನ್ನ ಬೆನ್ನುಮೂಳೆ ಮುರಿಯಿತು.

ನಿನ್ನೆ ಗುತ್ತೂರಿನಲ್ಲಿ ಮಗಳು ಮಗುಚಿದ ಲಾರಿಯನ್ನು ಒಂದೇ ಕೈಯಲ್ಲಿ ಎತ್ತಿ, ಅಡಿಯಲ್ಲಿದ್ದವನನ್ನು ಉಳಿಸಿದ್ದಳು. ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ್ದರು.

"ಇವತ್ತಿಗೂ ಜನ ಬಂದು ನಿನ್ನ ಕಾಲು ಮುಟ್ತಾರಲ್ಲ. ಸಾಲದೇನು?" ಎಂದಳು ಶಾಂತಲಾ.

"ಮುಟ್ಟಿದ್ದು ನನಗೆ ಗೊತ್ತಾಗಲ್ಲವ್ವ. ತಲೆ ಬಗ್ಗಿದ್ದು ನೋಡಿ, ಮುಟ್ಟಿರಬೇಕು ಅಂದ್ಕಂತೀನಿ."

ಜೀಪಿನಿಂದ ಇಳಿದ ಅಧಿಕಾರಿಯ ಕೈಯಲ್ಲಿ ಹೂವಿನ ಹಾರವಿತ್ತು. ಸೇತುವೆಗೆ ಕರೆದೊಯ್ಯುವ ಮೊದಲು ಅಂಥದ್ದೇ ಹಾರ ನನಗೂ ಹಾಕಿದ್ದರು.

"ಮೊಬೈಲಿನಾಗಿರೋ ಆ ಹುಡುಗಿ ನಾನಲ್ಲ ಅಂತ ಸುಳ್ಳು ಹೇಳು," ಎಂದು ಅವಳ ಮುಂಗೈ ಹಿಡಿದೆ. ನನ್ನ ಕೈಗೆ ಈಗಲೂ ಕಬ್ಬಿಣ ಬಗ್ಗಿಸುವ ಶಕ್ತಿಯಿದೆ. ಅವಳು ನನ್ನ ಬೆರಳುಗಳನ್ನು ನೋಯದ ಹಾಗೆ ಒಂದೊಂದಾಗಿ ಬಿಡಿಸಿದಳು. ಇಷ್ಟು ಬಲದವಳ ಮೇಲೆ ಇನ್ನೆಂಥ ಭಾರ ಹೊರಿಸುತ್ತಾರೋ ಎಂದುಕೊಂಡೆ.

"ಬ್ಯಾಡವ್ವ. ನನಗೆ ಹೆದರಿಕೆ ಆಗ್ತೈತಿ."

"ನನಗೂ ಆಗ್ತೈತಪ್ಪಾ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಜೀಪು ಹರಿಹರದ ಕಡೆ ತಿರುಗಿತು. ಅವರು ಹೊರಿಸಿದ ಭಾರದಡಿಯೇ ಪ್ರಾಣ ಬಿಟ್ಟ ಶಾಂತಲಾ ಮತ್ತೆ ಮನೆಗೆ ಬರಲಿಲ್ಲ.