ಗಂಟಲು ಕಟ್ಟಿದ ಮರಿಗಳು

ಗಂಗಾವತಿಯ ಕಾಲುವೆ ಸೀಮೆಯಲ್ಲಿ ಬಾತುಕೋಳಿ ಸಾಕುವವರಿಗೆ ಗೌಸಬೀಯ ಕಿವಿಯೇ ಕೊನೆಯ ಮಾತು. ಏಳು ವಾರದ ಮರಿಯನ್ನು ರೆಕ್ಕೆಬುಡದಲ್ಲಿ ಹಿಡಿದು ಎತ್ತುವಳು. ಗಟ್ಟಿಯಾಗಿ ಅರಚಿದರೆ ಹೆಣ್ಣು, ಸವೆದ ದನಿಯಲ್ಲಿ ಪಿಸುಗುಟ್ಟಿದರೆ ಗಂಡು. ಗಂಡಿನ ಬಾಲದಲ್ಲಿ ಸುರುಳಿ ಗರಿ ಮೂಡುವ ತನಕ ಕಾದರೆ ಯಾರಿಗಾದರೂ ತಿಳಿದೀತು. ಆದರೆ ಅಲ್ಲಿಯವರೆಗೆ ಗಂಡುಗಳಿಗೆ ದಂಡಕ್ಕೆ ನುಚ್ಚು ಹಾಕುವವರು ಯಾರು?

"ಈ ಜಾತ್ಯಾಗ ಬಾಯಿ ಹೆಂಗಸರದು, ಗಂಡಸರದು ಬರೇ ಗಾಳಿ," ಎಂದು ಅವಳು ಎಲ್ಲರನ್ನೂ ನಗಿಸುವಳು. "ಈ ಜಾತ್ಯಾಗ ಅಷ್ಟ ಏನು?" ಎಂದು ಗಂಡ ಜಿಲಾನಸಾಬ ಗೊಣಗುವನು.

ಆ ವರ್ಷ ಮಾರೆವ್ವ ನಲವತ್ತು ಮರಿ ಸಾಕಿದಳು. ಹನ್ನೆರಡು ವರ್ಷ ಅಕ್ಕಿ ಮಿಲ್ಲಿನಲ್ಲಿ ಹೊಟ್ಟು ಗುಡಿಸಿದವಳು. ಮಾತಾಡಿದರೆ ಗಂಟಲಲ್ಲಿ ಮರಳು ಉಜ್ಜಿದಂತೆ ಕೇಳಿಸುತ್ತಿತ್ತು. ಮಿಲ್ಲು ಬಿಡದಿದ್ದರೆ ಎದೆ ಉಳಿಯದೆಂದು ಕೊಪ್ಪಳದ ಡಾಕ್ಟರರು ಹೇಳಿದ್ದರು. ಇಪ್ಪತ್ತು ಹೆಣ್ಣು ಮೊಟ್ಟೆಗೆ ಬಂದರೆ ಬಿಡಬಹುದೆಂಬ ಆಸೆ ಅವಳದು. ಮಿಲ್ಲಿನ ಹಿಂಗೋಡೆಗೆ ಅಂಟಿಕೊಂಡ ಗುಡಿಸಲಲ್ಲಿ, ಹೊಟ್ಟಿನ ಹಾಸಿಗೆಯ ಮೇಲೆ ಮರಿಗಳನ್ನು ಬೆಳೆಸಿದಳು.

ಆರಿಸುವ ದಿನ ನಾಲ್ಕೈದು ಹೆಂಗಸರು ಸುತ್ತ ನೆರೆದರು. ಗೌಸಬೀ ಒಂದೊಂದನ್ನೇ ಎತ್ತಿ ಕೇಳುತ್ತ ಹೋದಳು. ಗಂಡಿನ ಬುಟ್ಟಿ ತುಂಬುತ್ತಲೇ ಇತ್ತು. ಇಪ್ಪತ್ತು ದಾಟಿದಾಗ ಅವಳ ಕೈ ತಡೆಯಿತು. ಕೆಲವು ಮರಿಗಳ ಕಣ್ಣಂಚು ಒದ್ದೆಯಾಗಿತ್ತು. ನೀರಾಟ ಆಡಿರಬೇಕು ಅಂದುಕೊಂಡಳು. ಅಷ್ಟು ಜನರ ಮುಂದೆ ನನಗೆ ತಿಳಿಯುತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಅಕ್ಕಾ, ಇಷ್ಟೊಂದು ಗಂಡು ಇರ್ತಾವೇನ್ರಿ?" ಮಾರೆವ್ವ ಕೇಳಿದಳು.

"ಒಂದೊಂದು ಸಲ ಹಂಗ ಬರ್ತಾವ."

ಒಂಬತ್ತು ಹೆಣ್ಣು ಉಳಿದವು. ಮೂವತ್ತೊಂದನ್ನು ಮಾರೆವ್ವ ತನ್ನ ಕೈಯಾರೆ ಹಿಡಿದು, ಕನಕಗಿರಿ ಸಂತೆಯಲ್ಲಿ ಮಾಂಸ ಮಾರುವ ತಾಹೇರನಿಗೆ ಕೊಟ್ಟಳು. ಅವುಗಳಲ್ಲಿ ಕುಂಟುತ್ತಿದ್ದ ಒಂದನ್ನು ಅವನು ಬೇಡವೆಂದ. ಅದನ್ನು ಗೌಸಬೀ ಕಾಲುವೆ ದಂಡೆಯ ತನ್ನ ಮನೆಗೆ ಒಯ್ದಳು.

ಹನ್ನೆರಡನೆಯ ದಿನ ಬೆಳಿಗ್ಗೆ ನೀರಿಗೆ ಬಿಡಲು ಎತ್ತಿದಾಗ ಆ ಮರಿ ಓಣಿಗೆಲ್ಲ ಕೇಳುವಂತೆ ಅರಚಿತು. ಗೌಸಬೀ ಇಳಿಸಿ ಮತ್ತೆ ಎತ್ತಿದಳು. ಮತ್ತೆ ಅದೇ ಗಟ್ಟಿ ದನಿ. ಹೆಣ್ಣು. ಅಂದರೆ ಹೊಟ್ಟಿನ ಧೂಳಿಗೆ ಅವುಗಳ ಗಂಟಲು ಕಟ್ಟಿತ್ತು, ಅಷ್ಟೇ; ದಂಡೆಯ ಗಾಳಿಗೆ ಇದರದು ಬಿಟ್ಟಿತ್ತು.

ಕನಕಗಿರಿ ಬಸ್ಸು ಹತ್ತಿದಳು. ಒಂದಾದರೂ ಉಳಿದಿದೆಯೇ ಎಂದು ಕೇಳುವುದರೊಳಗೆ ತಾಹೇರ ಬರಿದಾದ ಪಂಜರದ ಕಡೆ ನೋಡಿದ.

"ಗಂಡು ಅಂತ ಕೊಟ್ರಿ, ಖಾಲಾ. ಕೊಯ್ದ್ರ ಒಳಗ ಗಸಗಸಿ ಹಂಗ ತತ್ತಿಗೊಂಚಲ. ಒಂದೆರಡರಾಗಲ್ಲ, ಅರ್ಧಕ್ಕರ್ಧ. ನೀವು ಆರಿಸಿದ್ದು ಅಂತ ನಾನೂ ಸುಮ್ಮನಾದೆ."

ಮುಚ್ಚಿಟ್ಟರೆ ಯಾರಿಗೂ ತಿಳಿಯದು ಎಂದು ದಾರಿಯುದ್ದಕ್ಕೂ ಮನಸ್ಸು ಹೇಳುತ್ತಲೇ ಇತ್ತು. ಆದರೂ ಗೌಸಬೀ ನೆಟ್ಟಗೆ ಮಿಲ್ಲಿನ ಬಾಗಿಲಿಗೆ ಹೋದಳು. ಮಾರೆವ್ವ ಪೊರಕೆ ಊರಿಕೊಂಡು ಅವಳು ಹೇಳಿದ್ದೆಲ್ಲವನ್ನೂ ಕೇಳಿದಳು. ಬಯ್ಯಲಿಲ್ಲ. ಕೆಮ್ಮು ನಿಲ್ಲುವ ತನಕ ಕಾಯ್ದು ಬಾಯಿ ತೆರೆದಳು.

"ದಿನಾ ನನ್ನ ದನಿ ಕೇಳ್ತಿದ್ರಲ್ಲ, ಅಕ್ಕಾ. ಇದನ್ನ ಕೇಳಿದ ಮ್ಯಾಲಾದ್ರೂ ಹೊಳೀಬೇಕಿತ್ತು."

ಒಳಗಿನಿಂದ ಮೇಸ್ತ್ರಿ ಕೂಗಿದ. ಮಾರೆವ್ವ ಸೆರಗನ್ನು ಮೂಗಿಗೆ ಬಿಗಿದುಕೊಂಡಳು.

"ಆ ಒಂಬತ್ತನ್ನೂ ನೀವ ಒಯ್ದುಬಿಡ್ರಿ. ಇಲ್ಲಿದ್ರ ಅವಕ್ಕೂ ದನಿ ಹೋಗ್ತೈತಿ," ಎಂದು ಹೇಳಿ ಧೂಳಿನೊಳಕ್ಕೆ ನಡೆದಳು.